ನೂರು ಗ್ರಾಮಿನ ಲಾರಿಗೆ ಮೂರು ಟನ್ ಹೊರೆ

ಮಾಡಿ ಮುಗಿಸಿದ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಲಾರಿಯ ಫೋಟೋವನ್ನು ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಹೈವೇ ಪಕ್ಕ ಕಮಾನ್ ಪಟ್ಟಿ, ಅಂದರೆ ಲಾರಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಕೆಲಸ ಮಾಡುವ ಮೇಸ್ತ್ರಿಗೆ ತೋರಿಸಿದ್ದೇ ನನ್ನ ತಪ್ಪು. ತಟ್ಟೆ ಇಡ್ಲಿ ತಿನ್ನಲು ಹೋದವನು ತಿಂದು ಸುಮ್ಮನೆ ಬರಬೇಕಿತ್ತು. ಅವರು ಕೈಯ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಂಡು, ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಬಣ್ಣ ಗಿಣ್ಣ ಎಲ್ಲಾ ಚೆನ್ನಾಗೈತೆ ಸಾರ್. ಆದ್ರೆ ಇದು ಖಾಲಿ ಗಾಡಿ. ಡ್ರಮ್ಮು ಸುಮ್ನೆ ತಂದು ಮೇಲಿಟ್ಟಿದೀರ."

ಅದು ಯಾವ ಲಾರಿ, ಯಾವ ದೇಶದ್ದು ಎಂದು ಅವರು ಕೇಳಲೂ ಇಲ್ಲ. ಕಮಾನು ನೋಡಿದರು, ಅಷ್ಟೇ. ಎರಡು ತಿಂಗಳು ರಾತ್ರಿ ಕೂತು ಮಾಡಿದ ಕೆಲಸ ಅಲ್ಲಿಗೆ ಮುಗಿಯಿತು. ಅಂದರೆ ಮತ್ತೆ ಶುರುವಾಯಿತು.

ಲಾರಿ ಎರಡನೇ ಮಹಾಯುದ್ಧದ ಜಿಎಂಸಿ ಸಿಸಿಕೆಡಬ್ಲ್ಯೂ 353, ಹಳೇ ಅಚ್ಚಿನ 1/35 ಅಳತೆಯ ಕಿಟ್, ಅಂದರೆ ನಿಜದ ಲಾರಿಯ 35ರಲ್ಲೊಂದು ಪಾಲು, ಬಿಡಿಭಾಗ ಅಂಟಿಸಿ ಕಟ್ಟುವಂಥದ್ದು. ಹೆಸರೇ ಒಂದು ಒಗಟು: ಮೊದಲ ಸಿ ಎಂದರೆ 1941ರ ವಿನ್ಯಾಸ, ಎರಡನೆಯದು ಬಾನೆಟ್ ಮುಂದಿರುವ ಮಾಮೂಲಿ ಕ್ಯಾಬಿನ್, ಕೆ ಎಂದರೆ ಮುಂದಿನ ಚಕ್ರಕ್ಕೂ ಎಂಜಿನ್ನಿನ ಶಕ್ತಿ, ಡಬ್ಲ್ಯೂ ಎಂದರೆ ಹಿಂದಿನ ಎರಡು ಆಕ್ಸಲ್‌ಗೂ ಶಕ್ತಿ. ಆರು ಸಿಲಿಂಡರಿನ 4.4 ಲೀಟರ್ ಪೆಟ್ರೋಲ್ ಎಂಜಿನ್. ಇಂಥವು ಎಲ್ಲ ಬಗೆ ಸೇರಿ 5.5 ಲಕ್ಷಕ್ಕೂ ಹೆಚ್ಚು ತಯಾರಾದವು. ನನಗೆ ನಿಜವಾಗಿ ಬೇಕಿದ್ದದ್ದು ಜಬಲ್ಪುರದ ಶಕ್ತಿಮಾನ್ ಸೇನಾ ಲಾರಿ, ಚಿಕ್ಕಂದಿನಲ್ಲಿ ಹೈವೇಯಲ್ಲಿ ಸಾಲಾಗಿ ಹೋಗುತ್ತಿದ್ದದ್ದು ಅದೇ. ಕೈಗೆ ಸಿಕ್ಕಿದ್ದು ಇದು. ಆದರೂ ನಮಗೆ ತೀರಾ ಪರಕೀಯ ಗಾಡಿಯೇನಲ್ಲ. ಅಸ್ಸಾಮಿನ ಲೇಡೋದಿಂದ ಬರ್ಮಾ ದಾಟಿ ಚೀನಾದ ಕುನ್ಮಿಂಗ್‌ವರೆಗೆ ಹಾಕಿದ 1,736 ಕಿ.ಮೀ. ದಾರಿಯಲ್ಲಿ ಓಡಿದವುಗಳಲ್ಲಿ ಇದೂ ಇತ್ತು. ಆ ದಾರಿಯಲ್ಲಿ ಮೊದಲ ಸಾಲು, 113 ವಾಹನ, 1945ರ ಜನವರಿ 12ರಂದು ಲೇಡೋ ಬಿಟ್ಟು ಫೆಬ್ರವರಿ 4ಕ್ಕೆ ಕುನ್ಮಿಂಗ್ ಸೇರಿತು. ನನ್ನ ಲಾರಿ ಆ ದಾರಿಯದ್ದು, ಬೆನ್ನ ಮೇಲೆ ಪೆಟ್ರೋಲ್ ಡ್ರಮ್ಮು ಹೊತ್ತದ್ದು ಎಂದು ಮೊದಲೇ ತೀರ್ಮಾನಿಸಿದ್ದೆ.

ಮೇಸ್ತ್ರಿಯ ಮಾತು ಚುಚ್ಚಿದ್ದಕ್ಕೆ ಮನೆಗೆ ಬಂದು ಲೆಕ್ಕ ಹಾಕಿದೆ. ಇದು "ಎರಡೂವರೆ ಟನ್" ಲಾರಿ. ಅಮೆರಿಕದ ಟನ್ 907 ಕೆ.ಜಿ., ಹಾಗಾಗಿ ಸುಮಾರು 2,270 ಕೆ.ಜಿ. 200 ಲೀಟರಿನ ಡ್ರಮ್ಮಿನಲ್ಲಿ ಪೆಟ್ರೋಲೇ 148 ಕೆ.ಜಿ. ತೂಗುತ್ತದೆ, ತಗಡು ಸೇರಿಸಿ 170 ಎನ್ನೋಣ. 13 ಡ್ರಮ್ಮಿಗೆ ನಿಯಮದ ಹೊರೆ ಮುಗಿಯಿತು. ಆದರೆ 12 ಅಡಿ ಉದ್ದದ ಬಾಡಿಯಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 6, ಒಟ್ಟು 18 ನಿಲ್ಲುತ್ತವೆ. ಜಾಗ ಇದ್ದರೆ ಹೇರುತ್ತಾರೆ. ಇದಕ್ಕೆ ಯುದ್ಧವೇ ಆಗಬೇಕಿಲ್ಲ, ನಮ್ಮ ಜಲ್ಲಿ ಲಾರಿಗಳನ್ನು ನೋಡಿದರೆ ಸಾಕು. 18 ಎಂದರೆ ಮೂರು ಟನ್. ನಾನು ಮೂರು ಟನ್ ಹೊರಿಸಿದ ಲಾರಿ ಶೋರೂಮಿನಿಂದ ಈಗ ತಾನೇ ಹೊರಬಂದ ಹಾಗೆ ಎದೆ ಸೆಟೆಸಿಕೊಂಡು ನಿಂತಿತ್ತು.

ಬಾಡಿಯನ್ನು ಚಾಸಿಗೆ ಅಂಟಿಸದೆ ಒಂದು ಸ್ಕ್ರೂನಲ್ಲಿ ಕೂರಿಸಿದ್ದು ಪುಣ್ಯ. ಬಿಚ್ಚಿದೆ. ಕಮಾನುಗಳನ್ನು ಸಣ್ಣ ಗರಗಸದಿಂದ ಕೊಯ್ದು ತೆಗೆಯಲು ಎರಡು ಸಂಜೆ ಹಿಡಿಯಿತು. ಹಿಂದಿನ ಎಡಗಡೆ ಕಮಾನಿನ ಜೊತೆ, ಆಕ್ಸಲನ್ನು ಚಾಸಿಗೆ ಹಿಡಿದಿಡುವ ಟಾರ್ಕ್ ರಾಡೂ ಮುರಿದು ಬಂತು.

ಇಲ್ಲಿ ಕಮಾನಿನ ವಿಚಾರ ಸ್ವಲ್ಪ ಹೇಳಬೇಕು, ಯಾಕೆಂದರೆ ಮೊದಲ ಸಲ ಇದೇ ನನಗೆ ಅರ್ಥವಾಗಿರಲಿಲ್ಲ. ಮುಂದಿನ ಆಕ್ಸಲ್‌ಗೆ ಕಮಾನಿನ ನಡುವನ್ನು ಯು-ಬೋಲ್ಟ್ ಹಾಕಿ ಕಟ್ಟಿರುತ್ತಾರೆ, ಎರಡು ತುದಿ ಚಾಸಿಗೆ ಸೇರಿರುತ್ತದೆ. ಖಾಲಿ ಗಾಡಿಯಲ್ಲಿ ಅದು ತೊಟ್ಟಿಲಿನ ಹಾಗೆ ಕೆಳಕ್ಕೆ ಜೋತಿರುತ್ತದೆ. ಹಿಂದಿನ ಜೋಡಿ ಆಕ್ಸಲ್‌ನಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಚಾಸಿಯ ಭಾರ ಕಮಾನಿನ ನಡುವಿಗೆ ಬೀಳುತ್ತದೆ, ತುದಿಗಳು ಒಂದೊಂದು ಆಕ್ಸಲ್ ಮೇಲೆ ಕೂತಿರುತ್ತವೆ. ಹಾಗಾಗಿ ಖಾಲಿ ಇದ್ದಾಗ ಅದರ ಬೆನ್ನು ಮೇಲಕ್ಕೆ, ಗೂನು ಬೆನ್ನು. ಹೊರೆ ಬಿದ್ದರೆ ತೊಟ್ಟಿಲೂ ಚಪ್ಪಟೆ, ಗೂನೂ ಚಪ್ಪಟೆ. ಈಗಿನ ಎಷ್ಟೋ ಹತ್ತು ಚಕ್ರದ ಲಾರಿಗಳ ಅಡಿಗೆ ಬಗ್ಗಿ ನೋಡಿದರೂ ಹಿಂದೆ ಇದೇ ಏರ್ಪಾಟು ಕಾಣುತ್ತದೆ. ಕಿಟ್ಟಿನವರು ಕೊಟ್ಟದ್ದು ಖಾಲಿ ಗಾಡಿಯ ಕಮಾನು. ಅದು ಅವರ ತಪ್ಪಲ್ಲ, ಡ್ರಮ್ಮು ಹೇರಿದವನು ನಾನು.

ಎಷ್ಟು ಚಪ್ಪಟೆ ಮಾಡಬೇಕು? ಬಟವಾಡಿಯ ಎಪಿಎಂಸಿ ಯಾರ್ಡಿಗೆ ಹೋಗಿ, ಮೂಟೆ ತುಂಬುವ ಮುಂಚೆ ಒಂದು ಸಲ, ತುಂಬಿದ ಮೇಲೆ ಒಂದು ಸಲ, ಒಂದೇ ಲಾರಿಯ ಚಾಸಿಗೂ ಆಕ್ಸಲ್ ಹೌಸಿಂಗಿಗೂ ನಡುವಿನ ಅಂತರ ಟೇಪು ಹಿಡಿದು ಅಳೆದೆ. ಎರಡು ಇಂಚು ಇಳಿದಿತ್ತು. ಲಾರಿ ಬೇರೆ, ಕಾಲ ಬೇರೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಅಲ್ಲಿನ ಹಮಾಲರೊಬ್ಬರು "ಆರ್‌ಟಿಓ ಆಫೀಸಿಂದ ಬಂದಿದೀರಾ?" ಅಂದರು. ಮಾಡೆಲ್ ಲಾರಿಗೆ ಅಳತೆ ಬೇಕು ಅಂದಾಗ ನಂಬಿದ ಹಾಗೆ ಕಾಣಲಿಲ್ಲ. ಎರಡು ಇಂಚನ್ನು 35ರಿಂದ ಭಾಗಿಸಿದರೆ 1.4 ಎಂಎಂ. ಕಿಟ್ಟಿನ ಹಿಂದಿನ ಕಮಾನಿನ ಗೂನು 2.4 ಎಂಎಂ ಇತ್ತು. ಹಾಗಾದರೆ ಹೊಸ ಕಮಾನಿಗೆ ಗೂನು 1 ಎಂಎಂ ಇರಬೇಕು.

32 ಎಂಎಂ ಉದ್ದದ ಪಟ್ಟಿಗೆ 1 ಎಂಎಂ ಬಾಗು ಬೇಕೆಂದರೆ ಅದನ್ನು ಸುಮಾರು 13 ಸೆಂ.ಮೀ. ತ್ರಿಜ್ಯದ ವೃತ್ತದ ಮೇಲೆ ಬಾಗಿಸಬೇಕು. ಮನೆಯ ಊಟದ ತಟ್ಟೆ ಅಳೆದೆ, ವ್ಯಾಸ 26 ಸೆಂ.ಮೀ. ಹೇಳಿ ಮಾಡಿಸಿದ ಹಾಗಿತ್ತು.

ಪಟ್ಟಿಗೆ ಪ್ಲಾಸ್ಟಿಕ್ ಹಾಳೆ ತರಿಸಿದರೆ ಕೊರಿಯರ್ ಖರ್ಚೇ ಹಾಳೆಗಿಂತ ಜಾಸ್ತಿ. ಮದುವೆ ಮನೆಯಲ್ಲಿ ಐಸ್‌ಕ್ರೀಮ್ ಕೊಡುವ ಕಪ್ಪುಗಳ ತಳ ನೋಡಿ: ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್, ಕಿಟ್ಟಿನ ಪ್ಲಾಸ್ಟಿಕ್ಕೇ. ಮಾಡೆಲ್ ಅಂಟು ಚೆನ್ನಾಗಿ ಹಿಡಿಯುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಮಾಮೂಲಿ ಅಂಟಿಗೆ ಜಗ್ಗಲ್ಲ. ನಾನು ನೋಡದೆ 5ರ ಕಪ್ಪಿನಿಂದ ಹನ್ನೆರಡು ಪಟ್ಟಿ ಕತ್ತರಿಸಿ, ಬೆಳಗ್ಗೆ ಎದ್ದು ನೋಡಿದರೆ ಎಲ್ಲ ಇಸ್ಪೀಟೆಲೆ ಹಾಗೆ ಬಿಡಿಬಿಡಿಯಾಗಿ ಬಿದ್ದಿದ್ದವು. 6ರ ಕಪ್ಪಿನ ಗೋಡೆ 0.3 ಎಂಎಂ ದಪ್ಪ ಇತ್ತು. ನಿಜದಲ್ಲಿ ಸುಮಾರು ಒಂದು ಸೆಂ.ಮೀ. ದಪ್ಪದ ಪಟ್ಟಿಗೆ ಅದು ಸರಿಹೊಂದುತ್ತದೆ. 1.8 ಎಂಎಂ ಅಗಲಕ್ಕೆ ಕೊಯ್ದು, ಒಂದಕ್ಕಿಂತ ಒಂದು ಗಿಡ್ಡ ಮಾಡಿ, ತಟ್ಟೆಯ ಅಂಚಿಗೆ ಟೇಪಿನಲ್ಲಿ ಬಿಗಿದು, ಮಾಡೆಲ್ ಸಾಮಾನಿನ ತಮಿಯಾ ಕಂಪನಿಯ ತೆಳು ಅಂಟನ್ನು ಕುಂಚದ ತುದಿಯಿಂದ ಪಕ್ಕಕ್ಕೆ ತಾಗಿಸಿದೆ. ಅಂಟು ತಾನೇ ಸಂದಿಗೆ ಹರಿಯುತ್ತದೆ. ಒಂದು ರಾತ್ರಿ ಬಿಟ್ಟರೆ ಬಾಗು ಹಾಗೇ ನಿಲ್ಲುತ್ತದೆ.

ಇಷ್ಟು ಸಣ್ಣ ಪಟ್ಟಿ ಹಿಡಿಯಲು ಅಪ್ಪನ ಚಿಮಟ. ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಅವರ ಚಿಮಟ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಎರಡೂ ಈಗ ನನ್ನ ಟೇಬಲ್ಲಿನಲ್ಲಿವೆ. ನಾನು ಪಟ್ಟಿಯನ್ನು ಅದುಮಿ ಅದುಮಿ ಹಿಡಿದು ಮೂರು ಸಲ ಮಂಚದ ಕೆಳಗೆ ಹಾರಿಸಿದ್ದನ್ನು ನೋಡಿ, "ಹಿಡೀಬೇಡ್ವೋ, ಎತ್ಕೊ" ಅಂದರು. ಚಿಮಟದ ಬಿಗಿ ಬೆರಳಲ್ಲಿ ಗೊತ್ತಾಗುವುದಕ್ಕೆ ನನಗೆ ಒಂದು ವಾರ ಬೇಕಾಯಿತು, ಅವರು ಅದರಲ್ಲಿ ಇಡೀ ಸರ್ವಿಸ್ ಕಳೆದಿದ್ದಾರೆ. ಕಮಾನಿನ ಸೆಂಟರ್ ಬೋಲ್ಟಿನ ತಲೆಯನ್ನು ಅವರೇ ಕೂರಿಸಿಕೊಟ್ಟರು. ಎಂಟು ನಿಮಿಷದ ಕೆಲಸ.

ಚಾಸಿ ಇಳಿದರೆ ಅದಕ್ಕೆ ಸೇರಿದ್ದೆಲ್ಲ ಬದಲಾಗಬೇಕು. ಎಂಜಿನ್ನಿನ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ, ಇಳಿಜಾರಾಗಿದ್ದ ಜಾಯಿಂಟ್ ರಾಡ್ ಕೊಂಚ ಸಮಕ್ಕೆ ಬರುತ್ತದೆ, ಟಾರ್ಕ್ ರಾಡುಗಳ ಕೋನವೂ ಹಾಗೇ. ಟಾರ್ಕ್ ರಾಡನ್ನು ಗಿಟಾರ್ ತಂತಿಯಲ್ಲಿ ಹೊಸದಾಗಿ ಮಾಡಿದೆ. ಮುಂದಿನ ಕಮಾನನ್ನು ಅರ್ಧ ಎಂಎಂ ಮಾತ್ರ ಇಳಿಸಿದೆ, ಹೊರೆ ಬೀಳುವುದು ಹೆಚ್ಚಾಗಿ ಹಿಂದಕ್ಕೆ. ಮೇಸ್ತ್ರಿ ಇನ್ನೊಂದು ಮಾತು ಹೇಳಿದ್ದರು: ಓಡಿ ಹಳೆಯದಾದ ಗಾಡಿ ಎರಡೂ ಕಡೆ ಒಂದೇ ಸಮ ಕೂರಲ್ಲ. ಎಡಗಡೆಯನ್ನು ಕಾಲು ಎಂಎಂ ಹೆಚ್ಚು ಇಳಿಸಿದೆ. ಕಣ್ಣಿಗೆ ತಪ್ಪು ಎಂದು ಕಾಣುವುದಿಲ್ಲ, ಆದರೆ ಏನೋ ನಿಜ ಅನಿಸುತ್ತದೆ. ಅರ್ಧ ಎಂಎಂ ಇಳಿಸಿದ್ದರೆ ಕೈ ತಪ್ಪಿದ ಕೆಲಸ ಎನ್ನುತ್ತಿದ್ದರು.

ಆಮೇಲೆ ಕನ್ನಡಿ ಪರೀಕ್ಷೆ. ಗೋಡೆ ಕನ್ನಡಿಯನ್ನು ಟೇಬಲ್ ಮೇಲೆ ಮಲಗಿಸಿ ಲಾರಿ ನಿಲ್ಲಿಸಿ, ಪ್ರತಿ ಚಕ್ರದ ಅಡಿಗೂ ಕಾಗದದ ಚೂರು ತೂರಿಸಿ ನೋಡಬೇಕು. ಬಲಗಡೆಯ ಹಿಂದಿನ ಚಕ್ರದ ಅಡಿ ಕಾಗದ ಸಲೀಸಾಗಿ ಹೋಯಿತು. ಬೈದುಕೊಂಡು ಕಮಾನು ಮತ್ತೆ ಅಳೆದೆ, ಸರಿ ಇತ್ತು. ಚಾಸಿಯೇ ಹಪ್ಪಳದ ಹಾಗೆ ತಿರುಚಿತ್ತು, ಬಹುಶಃ ಪೆಟ್ಟಿಗೆಯಲ್ಲಿದ್ದಾಗಲೇ. ಮೊದಲ ಸಲ ನೋಡದೇ ಇದ್ದದ್ದಕ್ಕೆ ನಾಚಿಕೆಯಾಯಿತು. ಉಕ್ಕಿನ ಸ್ಕೇಲಿಗೆ ಬಿಗಿದು ಕಟ್ಟಿ, ಕುದಿ ಬಂದು ಇಳಿಸಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿದೆ. ಎರಡನೇ ಸಲಕ್ಕೆ ಬಗ್ಗಿತು. ಕಮಾನು ಕೂರಿಸುವ ಮುಂಚೆ ಮಾಡಬೇಕಿದ್ದ ಕೆಲಸ ಇದು. ಮುಂಚೆ ಮಾಡದ್ದರಿಂದ ಎರಡು ಕಮಾನು ಮತ್ತೆ ಅಂಟಿಸಬೇಕಾಯಿತು.

ಇನ್ನು ಟೈರು. 7.50-20 ಅಳತೆಯ ಟೈರು ಸುಮಾರು 91 ಸೆಂ.ಮೀ. ಎತ್ತರ, ಮಾಡೆಲ್ಲಿನಲ್ಲಿ 26 ಎಂಎಂ. ಹೊರೆ ಹೊತ್ತರೆ ಒಂದು ಇಂಚಿನಷ್ಟು ಅದುಮುತ್ತದೆ ಎಂದುಕೊಂಡರೆ 0.7ರಿಂದ 0.8 ಎಂಎಂ. ಆಗ ನೆಲಕ್ಕೆ ತಾಗುವ ಭಾಗ 9 ಎಂಎಂ ಉದ್ದ ಬರುತ್ತದೆ. ಕೇಳಲು ಏನೂ ಅಲ್ಲ, ಆದರೆ ಲಾರಿಗೆ ತೂಕ ಕೊಡುವುದು ಕಮಾನಿಗಿಂತ ಇದೇ ಅಂತ ಈಗ ಅನಿಸುತ್ತದೆ. ಗುಂಡಗಿನ ಟೈರು ನೆಲವನ್ನು ಒಂದು ಗೆರೆಯಲ್ಲಿ ಮಾತ್ರ ಮುಟ್ಟುತ್ತದೆ, ಅದಕ್ಕೇ ಆಟಿಕೆ ಆಟಿಕೆಯಾಗಿ ಕಾಣುವುದು.

ಕಿಟ್ಟಿನ ಟೈರು ಮೆತ್ತನೆಯ ವಿನೈಲಿನದು. ಬಿಸಿಗೆ ಮೆತ್ತಗಾಗುತ್ತದೆ ಎಂದು ಗೊತ್ತಿತ್ತು. ದೋಸೆ ಕಾವಲಿ ಸಣ್ಣ ಉರಿಯಲ್ಲಿಟ್ಟು ಒಂದನ್ನು ಒತ್ತಿದೆ. ಸೊಯ್ ಅಂತ ಸದ್ದು, ಮೂಗಿಗೆ ಅಡರುವ ವಾಸನೆ, ಟೈರಿನ ಅಡಿ ಬಾಣಲೆಗೆ ಅಂಟಿದ ಬೆಲ್ಲದ ಪಾಕ. ಆ ಕಾವಲಿ ಈಗ ನನ್ನ ಸಾಮಾನಿನ ಜೊತೆಗಿದೆ, ಹೊಸದು ತಂದುಕೊಟ್ಟಿದ್ದೇನೆ. ಆ ಹೊಗೆ ಉಸಿರಾಡುವಂಥದ್ದೂ ಅಲ್ಲ, ಯಾರೂ ಅಡುಗೆ ಮನೆಯಲ್ಲಿ ಈ ಪ್ರಯೋಗ ಮಾಡಬೇಡಿ. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕಡಿಮೆ ಬಿಸಿಗಿಟ್ಟು, ಬಟರ್ ಪೇಪರ್ ಮೇಲೆ ಟೈರನ್ನು ಹತ್ತು ಸೆಕೆಂಡು ಒತ್ತಿ, ತಕ್ಷಣ ತಣ್ಣನೆಯ ಗ್ರಾನೈಟ್ ಮೇಲೆ ಒತ್ತಿ ಹಿಡಿದರೆ ಸರಿಬಂತು. ಅಡಿ ಚಪ್ಪಟೆಯಾಗುವುದರ ಜೊತೆಗೆ ಪಕ್ಕದ ಗೋಡೆ ತಾನಾಗಿ ಉಬ್ಬುತ್ತದೆ. ಹಿಂದಿನ ಜೋಡಿ ಟೈರುಗಳಲ್ಲಿ ಹೊರಗಿನ ನಾಲ್ಕನ್ನೇ ಉಬ್ಬಿಸಿ, ಒಳಗಿನ ನಾಲ್ಕನ್ನು ಬರೀ ಅರದಿಂದ ಉಜ್ಜಿದೆ. ಸುಟ್ಟದ್ದಕ್ಕೂ ಜಾಗ ಸಿಕ್ಕಿತು, ಒಳಗಿನ ಸಾಲಿನಲ್ಲಿ, ಹಾಳಾದ ಭಾಗ ಮೇಲೆ ಮಾಡಿ.

ಒಂದು ಕಡೆ ಜೋಡಿ ಟೈರಿನ ಸಂದಿಗೆ ಪುಟ್ಟ ಕಲ್ಲು ಸಿಕ್ಕಿಸಿದೆ. ಲಾರಿ ನಿಂತ ಕೂಡಲೇ ಕ್ಲೀನರ್ ಹುಡುಗ ಇಳಿದು ಬಡಿದು ತೆಗೆಯುವುದು ಇದನ್ನೇ.

ಬಾಡಿಯಲ್ಲಿ ಕೆಲಸ ಕಡಿಮೆ. ಈ ಲಾರಿಗೆ ಮೊದಲು ಉಕ್ಕಿನ ಬಾಡಿ ಇತ್ತು, ಆಮೇಲೆ ಉಕ್ಕು ಉಳಿಸಲೆಂದು ಮರದ್ದು ಬಂತು. ನನ್ನದು ಮರದ್ದು. ಕಿಟ್ಟಿನವರು ಹಲಗೆಯ ಮೇಲೆ ಕೆತ್ತಿದ ಗೆರೆಗಳು ನಿಜದ ಅಳತೆಯಲ್ಲಿ ಬೆರಳು ತೂರುವಷ್ಟು ಆಳ. ಉಜ್ಜಿ ಹಾಕಿದೆ. ಡ್ರಮ್ಮು ಎಳೆದಾಡುವ ಹಿಂಭಾಗದಲ್ಲಿ ಮಾತ್ರ ಚಾಕುವಿನಿಂದ ಗೀಚಿ ತರಚು ಮಾಡಿದೆ.

ಹಳೇ ಡ್ರಮ್ಮುಗಳು ಕಿಟ್ಟಿನಲ್ಲಿ ಬಂದದ್ದು, ಬರೀ ಆರು, ನಡುವೆ ಜೋಡಣೆಯ ಸಂದಿ ಬೇರೆ. 18 ಬೇಕು. ನಿಜದ ಡ್ರಮ್ಮು ಹತ್ತಿರ ಹತ್ತಿರ 58 ಸೆಂ.ಮೀ. ಅಗಲ, 88 ಎತ್ತರ, ಮಾಡೆಲ್ಲಿಗೆ 16.6 ಮತ್ತು 25 ಎಂಎಂ. ಇದನ್ನು ಎಲ್ಲಿ ಹುಡುಕುವುದೆಂದು ತಲೆ ಕೆರೆದುಕೊಳ್ಳುತ್ತ ಊರಿಗೆ ಹೋಗಿದ್ದಾಗ ಅಡಿಕೆ ತೋಟದಲ್ಲಿ ಕಾಲಿಗೆ ತೊಡರಿತು: ಡ್ರಿಪ್ಪಿನ ಲ್ಯಾಟರಲ್ ಪೈಪು, 16 ಎಂಎಂ. ಚಿಕ್ಕಪ್ಪ ಇಲಿ ಕಡಿದ ತುಂಡುಗಳನ್ನು ಬೇಲಿಗೆ ನೇತುಹಾಕಿದ್ದರು, ಎರಡು ಮಾರು ತಂದೆ. ಅದು ಪಾಲಿಥೀನ್, ಅಂಟು ಹಿಡಿಯಲ್ಲ, ಬಣ್ಣವೂ ಹಿಡಿಯಲ್ಲ. ಹಿಡಿಯುವುದು ಬೇಕಾಗಿಯೂ ಇಲ್ಲ. ಐಸ್‌ಕ್ರೀಮ್ ಕಪ್ಪಿನ ಹಾಳೆಯನ್ನು ಪೈಪಿಗೆ ಬಿಗಿಯಾಗಿ ಸುತ್ತಿ ಹಾಳೆಯ ಅಂಚನ್ನು ಹಾಳೆಗೇ ಅಂಟಿಸಿದರೆ ಆಯಿತು. 16ಕ್ಕೆ ಎರಡೂ ಕಡೆ 0.3 ಸೇರಿ 16.6. ಕೂಡಿಸಿ ನೋಡಿ ನನಗೇ ನಗು ಬಂತು. ಉರುಳಿಸಲು ಅನುಕೂಲವಾಗುವ ಎರಡು ಬಳೆಗಳಿಗೆ ಕರೆಂಟ್ ವೈರಿನೊಳಗಿನ ತಾಮ್ರದ ಎಳೆ. ಮುಚ್ಚಳದ ಮೇಲೆ ದೊಡ್ಡ ಬಿರಡೆ ಒಂದು, ಸಣ್ಣದು ಒಂದು. ಟಾರ್ಪಾಲಿನ ಅಡಿಗೆ ಹೋಗುವ ಎಂಟು ಡ್ರಮ್ಮಿಗೆ ಬಿರಡೆಯೂ ಇಲ್ಲ, ಬಳೆಯೂ ಇಲ್ಲ. ಅಪ್ಪನಿಗೆ ಇದು ಸರಿ ಕಾಣಲಿಲ್ಲ. ವಾಚಿನೊಳಗೆ ಕಾಣದ ಭಾಗ ಅಂತ ಬಿಡುತ್ತಾರೇನು ಎಂದು ಕೇಳಿದರು. ವಾಚು ಓಡಬೇಕು, ಇದು ನಿಂತರೆ ಸಾಕು ಅಂದೆ.

ನಿಲ್ಲಲಿಕ್ಕೂ ತೂಕ ಬೇಕು. ಅಲೈನ್‌ಮೆಂಟ್ ಅಂಗಡಿಯಲ್ಲಿ ಚಕ್ರಕ್ಕೆ ಅಂಟಿಸುವ ಹತ್ತು ಗ್ರಾಮಿನ ತುಂಡುಗಳನ್ನು ನಾಲ್ಕು ತಂದು ಒಳಗಿನ ಡ್ರಮ್ಮುಗಳ ಪೈಪಿನಲ್ಲಿ ತುರುಕಿದೆ. ಇದರಿಂದ ಕಣ್ಣಿಗೇನೂ ಬದಲಾಗಲಿಲ್ಲ, ಕೈಯಲ್ಲಿ ಎತ್ತಿದಾಗ ಮಾತ್ರ ಗೊತ್ತಾಗುತ್ತದೆ.

ಟಾರ್ಪಾಲಿಗೆ ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್. ಒದ್ದೆಯಿದ್ದಾಗಲೇ ಡ್ರಮ್ಮುಗಳ ಮಧ್ಯದ ಹಳ್ಳಕ್ಕೆ ಕುಂಚದಿಂದ ಒತ್ತಬೇಕು. ಹಗ್ಗಕ್ಕೆ ಹೊಲಿಗೆ ದಾರ. ಅದರ ಜುಂಗನ್ನು ಊದಿನಕಡ್ಡಿಯ ಕೆಂಡದ ಹತ್ತಿರ ತೋರಿಸಿ ಸುಟ್ಟು, ಮೇಣದ ಬತ್ತಿಗೆ ಎರಡು ಸಲ ಎಳೆದರೆ ಹುರಿ ಹಗ್ಗದ ಹಾಗೆ ನಿಲ್ಲುತ್ತದೆ. ದಾರ ತಾನಾಗಿ ಜೋಲುವುದಿಲ್ಲ, ಫೆವಿಕಾಲ್ ಹಚ್ಚಿ ಬೆರಳಿಂದ ಇಳಿಬಿಡಬೇಕು.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಮಿಯಾ ಎಕ್ಸ್‌ಎಫ್-62 ಆಲಿವ್ ಡ್ರಾಬ್ ಹಾಗೇ ಹೊಡೆದರೆ ಇಷ್ಟು ಸಣ್ಣ ಗಾಡಿಗೆ ಕಪ್ಪೆನಿಸುತ್ತದೆ. ನಾಲ್ಕಕ್ಕೆ ಒಂದು ಪಾಲು ಎಕ್ಸ್‌ಎಫ್-57 ಬಫ್ ಸೇರಿಸಿ ತಿಳಿ ಮಾಡಿದೆ. ಏಪ್ರಿಲ್ ಮಧ್ಯಾಹ್ನ ತುಮಕೂರಿನಲ್ಲಿ ಏರ್‌ಬ್ರಶ್ ಹಿಡಿದರೆ ಬಣ್ಣ ಲಾರಿ ಮುಟ್ಟುವ ಮುಂಚೆಯೇ ಒಣಗಿ ಮರಳು ಕಾಗದವಾಗುತ್ತದೆ. ಬೆಳಗ್ಗೆ ಆರಕ್ಕೆ, ಫ್ಯಾನ್ ಆರಿಸಿ. ಬಾನೆಟ್ಟಿನ ನಂಬರಿಗೆ 4ರಿಂದ ಶುರುವಾಗುವ ಡೆಕಾಲನ್ನೇ (ಅಂಟಿಸುವ ಅಚ್ಚು) ಆರಿಸಿದೆ, ಅಮೆರಿಕದ ಸೇನೆಯಲ್ಲಿ ಈ ತೂಕದ ಲಾರಿಗಳಿಗೆ ಆ ಅಂಕಿ.

ಧೂಳಿಗೆ ಮಾತ್ರ ನಮ್ಮ ಊರಿನ ಮಣ್ಣೇ ಆಗಬೇಕು ಎಂಬ ಹಟ ಇತ್ತು. ಹಟಕ್ಕೆ ನೆಪವೂ ಸಿಕ್ಕಿತು: ಕುನ್ಮಿಂಗ್ ಇರುವ ಯುನ್ನಾನ್ ಸೀಮೆಯ ನೆಲವೂ ಕೆಂಪು ಮಣ್ಣಿನದು. ಹಿತ್ತಲಿನ ಮಣ್ಣನ್ನು ಹಳೇ ಪಂಚೆಯಲ್ಲಿ ಜರಡಿ ಹಿಡಿದು ಹಚ್ಚಿದೆ. ಭೂತಗನ್ನಡಿಯಲ್ಲಿ ನೋಡಿದರೆ ಲಾರಿಗೆ ಜಲ್ಲಿ ಮೆತ್ತಿದ ಹಾಗಿತ್ತು. ಬಟ್ಟೆ ದಾಟುವ 0.1 ಎಂಎಂ ಕಣ ಈ ಅಳತೆಗೆ 3.5 ಎಂಎಂ ಕಲ್ಲು. ಒರೆಸಿ ಹಾಕಿ, ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿ, ಒಂದು ನಿಮಿಷ ಮರಳು ಕೂರಲು ಬಿಟ್ಟು ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿದೆ. ಅದನ್ನೇ ಮತ್ತೊಂದು ಸಲ. ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥ ರಾಡಿ ಕೂರುತ್ತದೆ. ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿದರೆ ಮುಖಕ್ಕೆ ಹಚ್ಚುವ ಪೌಡರಿಗೂ ಇಷ್ಟು ನಯ ಇಲ್ಲ. ಬಣ್ಣ ತೀರಾ ಕೆಂಪಗಿತ್ತು, ಸ್ಕೂಲಿನ ಸೀಮೆಸುಣ್ಣ ಅರೆದು ಬೆರೆಸಿದೆ. ಅಡಿಗೆ ಕಂದು ಕೆಸರು, ಬರ್ಮಾ ಕಾಡಿನದು, ಒಣಗಿ ಬಿರಿದದ್ದು. ಅದರ ಮೇಲೆ ಕೆಂಪು ಧೂಳು, ಕೊನೆಯ ದಿನಗಳದ್ದು. ಟಾರ್ಪಾಲಿನ ಹಳ್ಳಗಳಲ್ಲಿ ಜಾಸ್ತಿ, ಡ್ರಮ್ಮಿನ ಪಕ್ಕೆಗಳಲ್ಲಿ ಕಡಿಮೆ.

ಮೊನ್ನೆ ಶೂ ಡಬ್ಬಿಯಲ್ಲಿ ಹತ್ತಿ ಹಾಸಿ ಲಾರಿಯನ್ನೇ ಕ್ಯಾತ್ಸಂದ್ರಕ್ಕೆ ಒಯ್ದೆ, ಫೋಟೋ ಅಲ್ಲ. ಮೇಸ್ತ್ರಿ ಕೈ ತೊಳೆದುಕೊಂಡು ಬಂದರು. ಮುಟ್ಟಲಿಲ್ಲ. ಅಂಗಡಿಯ ಕಲ್ಲು ಬೆಂಚಿನ ಮೇಲೆ ಇಡಿಸಿ, ಕುಕ್ಕರಗಾಲಲ್ಲಿ ಕೂತು, ಕಣ್ಣು ಚಾಸಿಯ ಮಟ್ಟಕ್ಕೆ ತಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತಾ ಹೋದರು. ಕೆಲಸದ ಹುಡುಗನನ್ನು ಕರೆದು ಹಿಂದಿನ ಕಮಾನು ತೋರಿಸಿ ಉರ್ದುವಿನಲ್ಲಿ ಏನೋ ಹೇಳಿದರು, ಅವನು ನಕ್ಕ.

"ಓವರ್‌ಲೋಡ್ ಆಗೈತೆ ಸಾರ್," ಅಂದರು. "ಎಡಗಡೆ ಒಂದು ಪ್ಲೇಟ್ ಹಾಕಿಸ್ಬೇಕು."

ನಾನು ಡಬ್ಬಿ ಮುಚ್ಚಲು ಹೋದಾಗ ತಡೆದು ಸ್ಟೆಪ್ನಿಯತ್ತ ಬೆರಳು ಮಾಡಿದರು. ಅದನ್ನು ನಾನು ಕಿಟ್ಟಿನಲ್ಲಿ ಬಂದ ಹಾಗೇ ಗುಂಡಗೆ ಬಿಟ್ಟಿದ್ದೆ, ಟ್ರೆಡ್ ಗರಿಗರಿಯಾಗಿ ನಿಂತಿತ್ತು. "ಹೊಸಾ ಟೈರ್ ಸ್ಟೆಪ್ನಿಗೆ ಇಟ್ಕೊಂಡು ಸವೆದಿರೋದ್ರಲ್ಲಿ ಓಡ್ಸೋ ಡ್ರೈವರ್‌ನ ನಾನಂತೂ ನೋಡಿಲ್ಲ ಸಾರ್."

ನಿನ್ನೆ ರಾತ್ರಿಯಿಂದ ಅದನ್ನು ಉಜ್ಜುತ್ತಿದ್ದೇನೆ. 400 ನಂಬರ್ ಕಾಗದ, ನೀರು ಹಾಕಿಕೊಂಡು.